ದೂರದರ್ಶನದ ಚಾಣಕ್ಯನೂ ಕನ್ನಡದ ಚಾಣಕ್ಯರಿಸಿಯೂ

೧

ಕಥೆಯ ಪಾತ್ರಗಳಿಂದ ಲೋಕನೀತಿಯನ್ನು ಕಲಿಯುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. ಅರಸುಮಕ್ಕಳಿಗೆ ರಾಜನೀತಿಯನ್ನು ಬೋಧಿಸುವುದಕ್ಕಾಗಿಯೇ ಪಂಚತಂತ್ರವು ಹುಟ್ಟಿತೆಂದು ಅದರ ಪೀಠಿಕೆ ಹೇಳುತ್ತದೆ. ಚಾಳುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ ಅದನ್ನು ಕನ್ನಡಕ್ಕೆ ತಂದನು. ಆಡಳಿತದ ಭಾರ ಹೊತ್ತವನಿಗೆ ಕಥೆಯ ಬೆಲೆ ತಿಳಿದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇಂದು ಅರಸುಮಕ್ಕಳ ಸ್ಥಾನದಲ್ಲಿ ದೊಡ್ಡ ಉದ್ಯಮಗಳ ಕಾರ್ಯನಿರ್ವಾಹಕರಿದ್ದಾರೆ; ಸಿಂಹ ನರಿಗಳ ಸ್ಥಾನಕ್ಕೆ ದೂರದರ್ಶನದ ನಾಯಕರು ಬಂದಿದ್ದಾರೆ. ಧಾರಾವಾಹಿಯ ಪಾತ್ರವೊಂದನ್ನು ಮುಂದಿಟ್ಟುಕೊಂಡು ಅದರಿಂದ ನಾಯಕತ್ವದ ಇಷ್ಟು ಪಾಠಗಳೆಂದು ಪಟ್ಟಿಮಾಡುವ ಬರವಣಿಗೆಗಳೂ ಉಪನ್ಯಾಸಗಳೂ ಹೇರಳವಾಗಿವೆ. ಪದ್ಧತಿಯ ಬಗೆಗೆ ನಮ್ಮ ಆಕ್ಷೇಪಣೆಯಿಲ್ಲ. ಪಾಠವನ್ನು ಆರಿಸುವ ಕ್ರಮವನ್ನು ಮಾತ್ರ ಪರೀಕ್ಷಿಸಬೇಕಾಗಿದೆ.

ಭಾರತದಲ್ಲಿ ಇಂಥ ಪಾಠಕ್ಕೆ ಎಲ್ಲರಿಗಿಂತ ಹೆಚ್ಚಾಗಿ ಒದಗಿರುವವನು ಚಾಣಕ್ಯ. ಚಂದ್ರಪ್ರಕಾಶ ದ್ವಿವೇದಿಯವರು ನಿರ್ದೇಶಿಸಿ, ತಾವೇ ಮುಖ್ಯ ಪಾತ್ರವನ್ನು ವಹಿಸಿದ ‘ಚಾಣಕ್ಯ’ ಎಂಬ ಹಿಂದೀ ಧಾರಾವಾಹಿಯು ೧೯೯೧ರ ಸೆಪ್ಟೆಂಬರಿನಿಂದ ೧೯೯೨ರ ಆಗಸ್ಟಿನವರೆಗೆ ೪೭ ಕಂತುಗಳಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ಆಮೇಲೆ ೨೦೧೧ರಲ್ಲಿಯೂ ೨೦೧೮ರಲ್ಲಿಯೂ ಚಂದ್ರಗುಪ್ತ ಮೌರ್ಯನ ಹೆಸರಿನ ಬೇರೆ ಧಾರಾವಾಹಿಗಳು ಬಂದುವು. ೨೦೧೫ರಲ್ಲಿ ಮೊದಲಾದ ಇನ್ನೊಂದು ಧಾರಾವಾಹಿಯಲ್ಲಂತೂ ಚಾಣಕ್ಯನು ಬಾಲಕ ಅಶೋಕನಿಗೆ ಗುರುವಾದನು. ೨೦೧೦ರಲ್ಲಿ ಪ್ರಕಟವಾದ ರಾಧಾಕೃಷ್ಣನ್ ಪಿಳ್ಳೈಯವರ ‘ಕಾರ್ಪೊರೇಟ್ ಚಾಣಕ್ಯ’ ಎಂಬ ಇಂಗ್ಲಿಷ್ ಪುಸ್ತಕ ಅರ್ಥಶಾಸ್ತ್ರದ ಸೂತ್ರಗಳನ್ನು ಉದ್ಯಮದ ಮೇಲಧಿಕಾರಿಗಳಿಗೆ ಅನ್ವಯಿಸುತ್ತದೆ. ಹೀಗೆ ಗ್ರಂಥದಿಂದ ಪಾಠವನ್ನು ತೆಗೆಯುವವರಿದ್ದರೂ, ಓದುಗನ ಕಣ್ಣಮುಂದೆ ನಿಲ್ಲುವ ಆಕೃತಿ ಮಾತ್ರ ಧಾರಾವಾಹಿಯದು: ಬಿಚ್ಚಿದ ಶಿಖೆ, ತೀಕ್ಷ್ಣವಾದ ದೃಷ್ಟಿ, ಅಳೆದು ತೂಗಿ ಆಡುವ ಮಾತು. ಇತಿಹಾಸವನ್ನು ಬೋಧಿಸುವ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಮೌರ್ಯರ ಪರಿಚಯವಾಗಿರುವುದು ಈ ಆಕೃತಿಯ ಮೂಲಕ.

ಈ ವಿಷಯವನ್ನು ವಿಚಾರಮಾಡುವುದಕ್ಕೆ ಕನ್ನಡ ನಾಡಿನವರಾದ ನಮಗೆ ವಿಶೇಷವಾದ ಅಧಿಕಾರವುಂಟು. ಅರ್ಥಶಾಸ್ತ್ರವು ಆಧುನಿಕ ಲೋಕಕ್ಕೆ ಮರಳಿ ದೊರೆತದ್ದು ಮೈಸೂರಿನಲ್ಲಿ. ಚಾಣಕ್ಯನ ಶಿಷ್ಯನೆನಿಸಿದ ಚಂದ್ರಗುಪ್ತನು ಕೊನೆಯ ದಿನಗಳನ್ನು ಕಳೆದನೆಂದು ಪರಂಪರೆ ಹೇಳುವ ಬೆಟ್ಟವಿರುವುದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ. ಚಾಣಕ್ಯನ ಅಂತ್ಯವನ್ನು ವಿಸ್ತಾರವಾಗಿ ಹೇಳುವ ಕಥೆ ನಮ್ಮ ಭಾಷೆಯ ಅತ್ಯಂತ ಹಳೆಯ ಗದ್ಯಗ್ರಂಥದಲ್ಲಿದೆ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಅಧಿಕಾರವನ್ನು ಗಳಿಸುವ ಬಗೆಯನ್ನು ಧಾರಾವಾಹಿಯೂ, ಅದಕ್ಕೆ ಅಂಕೆ ಹಾಕುವ ಬಗೆಯನ್ನು ಅರ್ಥಶಾಸ್ತ್ರವೂ, ಅದನ್ನು ಕಾಲವರಿತು ಬಿಡುವ ಬಗೆಯನ್ನು ಕನ್ನಡದ ಕಥೆ ಮತ್ತು ಬೆಳಗೊಳದ ಶಾಸನಗಳೂ ತಿಳಿಸುತ್ತವೆಂದು ತೋರುತ್ತದೆ. ಮೊದಲನೆಯದೊಂದನ್ನೇ ನಾಯಕತ್ವವೆಂದು ಕರೆಯುವುದು ಅರ್ಧ ಪಾಠ. ಅರ್ಧ ಪಾಠ ಅಪಾಯಕರವೆಂಬುದು ನಮ್ಮ ವಾದ.

೨

ಧಾರಾವಾಹಿಯ ಚಾಣಕ್ಯನು ಎಲ್ಲಿಂದ ಬಂದನೆಂಬುದನ್ನು ಮೊದಲು ನೋಡೋಣ. ಆತನಿಗೆ ಮುಖ್ಯವಾಗಿ ಎರಡು ಮೂಲಗಳು. ಒಂದು ಅರ್ಥಶಾಸ್ತ್ರ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ೧೯೦೫ರಲ್ಲಿ ಅದರ ತಾಳೆಯೋಲೆಯ ಪ್ರತಿಯನ್ನು ಗುರುತಿಸಿದರು. ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಹದಿನೈದು ಅಧಿಕರಣಗಳ ಈ ಗ್ರಂಥ ಕೌಟಿಲ್ಯನದೆಂದು ಹೇಳಿಕೊಳ್ಳುತ್ತದೆ. ಇದು ಮೌರ್ಯರ ಕಾಲದ ಒಬ್ಬನೇ ಮಂತ್ರಿಯ ರಚನೆಯೇ ಎಂಬುದು ವಿವಾದಗ್ರಸ್ತ. ಥಾಮಸ್ ಟ್ರಾಟ್‌ಮನ್ ಅವರು ೧೯೭೧ರಲ್ಲಿ ಭಾಷಾಶೈಲಿಯನ್ನು ಲೆಕ್ಕಹಾಕಿ ನೋಡಿ, ಇದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಕೈವಾಡವಿದೆಯೆಂದು ವಾದಿಸಿದರು. ಪ್ಯಾಟ್ರಿಕ್ ಒಲಿವೆಲ್ ಅವರು ೨೦೧೩ರಲ್ಲಿ ಹೊರತಂದ ಅನುವಾದದಲ್ಲಿ ಗ್ರಂಥದ ಕಾಲವನ್ನು ಮೌರ್ಯರಿಂದ ಈಚೆಗೆ ತಂದಿದ್ದಾರೆ.

ಎರಡನೆಯ ಮೂಲ ವಿಶಾಖದತ್ತನ ಮುದ್ರಾರಾಕ್ಷಸ ನಾಟಕ. ಇದು ಚಂದ್ರಗುಪ್ತನಿಗಿಂತ ಅನೇಕ ಶತಮಾನಗಳ ಈಚಿನದು. ಶಿಖೆಯ ಪ್ರತಿಜ್ಞೆ, ಗೂಢಚಾರರ ಜಾಲ, ಮುದ್ರೆಯುಂಗುರ, ನಂದರ ಅಮಾತ್ಯನಾದ ರಾಕ್ಷಸನನ್ನು ಒಲಿಸಿಕೊಳ್ಳುವ ತಂತ್ರ, ಇವೆಲ್ಲವೂ ಈ ನಾಟಕದ ಸಂಪತ್ತು. ಕನ್ನಡಿಗರಿಗೆ ಈ ಕಥೆ ದೂರದರ್ಶನಕ್ಕಿಂತ ಬಹಳ ಮೊದಲೇ ಪರಿಚಿತವಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದ ಕೆಂಪುನಾರಾಯಣನು ೧೮೨೩ರಲ್ಲಿ ಇದನ್ನೇ ಹಿಗ್ಗಿಸಿ ‘ಮುದ್ರಾಮಂಜೂಷ’ ಎಂಬ ಗದ್ಯಗ್ರಂಥವನ್ನು ರಚಿಸಿದನು. ಹೊಸಗನ್ನಡ ಗದ್ಯದ ಆರಂಭವನ್ನು ಹೇಳುವವರು ಈ ಕೃತಿಯನ್ನು ನೆನೆಯದೆ ಮುಂದೆ ಹೋಗುವುದಿಲ್ಲ.

ಧಾರಾವಾಹಿಯು ಶಾಸ್ತ್ರವನ್ನೂ ನಾಟಕವನ್ನೂ ಒಂದೇ ವ್ಯಕ್ತಿಯಲ್ಲಿ ಬೆಸೆಯಿತು. ಶಾಸ್ತ್ರದ ಮಾತುಗಳು ನಾಟಕದ ನಾಯಕನ ಬಾಯಿಗೆ ಬಂದುವು. ನಾಟಕದ ಕುಟಿಲತೆಗೆ ಶಾಸ್ತ್ರದ ಗೌರವ ದೊರೆಯಿತು. ಅದಕ್ಕೆ ವಿದೇಶೀ ಆಕ್ರಮಣದ ಹಿನ್ನೆಲೆ ಕೂಡಿದುದರಿಂದ ಕುಟಿಲತೆಯೆಲ್ಲವೂ ದೇಶಕಾರ್ಯವಾಗಿ ಕಂಡಿತು. ಕಲೆಯ ದೃಷ್ಟಿಯಿಂದ ಇದು ಸಮರ್ಥವಾದ ಕೆಲಸ. ಮಾತಿನ ಘನತೆಯಲ್ಲಿಯೂ ವೇಷಭೂಷಣಗಳ ಸಂಯಮದಲ್ಲಿಯೂ ಆ ಧಾರಾವಾಹಿ ತನ್ನ ಕಾಲದ ಇತರ ಐತಿಹಾಸಿಕ ಧಾರಾವಾಹಿಗಳಿಗಿಂತ ಮೇಲಿತ್ತೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ.

ಇದರಿಂದ ಸಾಮಾನ್ಯವಾಗಿ ತೆಗೆಯಲಾಗುವ ಪಾಠಗಳು ಐದು. ಗುರಿಯನ್ನು ಸ್ಥಿರವಾಗಿ ಹಿಡಿಯಬೇಕು. ಕುಲವನ್ನು ನೋಡದೆ ಯೋಗ್ಯತೆಯನ್ನು ಗುರುತಿಸಬೇಕು. ಎದುರಾಳಿಯ ವಿಷಯವನ್ನು ಮೊದಲೇ ಸಂಗ್ರಹಿಸಬೇಕು. ಕಾಲ ಕೂಡಿಬರುವವರೆಗೆ ತಾಳಬೇಕು. ಸೋತ ಶತ್ರುವಿನ ಸಾಮರ್ಥ್ಯವನ್ನು ನಮ್ಮ ಕೆಲಸಕ್ಕೆ ಬಳಸಿಕೊಳ್ಳಬೇಕು. ಇವು ಕೆಟ್ಟ ಪಾಠಗಳಲ್ಲ. ಅನಾಮಧೇಯನಾದ ಬಾಲಕನಲ್ಲಿ ಚಕ್ರವರ್ತಿಯನ್ನು ಕಂಡ ಗುರುವಿನ ಚಿತ್ರ ಯಾವ ಕಚೇರಿಯ ಮುಖ್ಯನಿಗಾದರೂ ಉಪಯುಕ್ತವಾದದ್ದೇ. ಕಷ್ಟವಿರುವುದು ಪಟ್ಟಿಯಲ್ಲಿ ಸೇರದೆ ಉಳಿದ ಸಂಗತಿಗಳಲ್ಲಿ.

೩

ರಾಕ್ಷಸನನ್ನು ಒಲಿಸಿಕೊಂಡ ಪ್ರಸಂಗವನ್ನೇ ಪರೀಕ್ಷಿಸೋಣ. ‘ಎದುರಾಳಿಯ ಪ್ರತಿಭೆಯನ್ನು ಗೌರವಿಸು’ ಎಂಬ ಸುಂದರವಾದ ಪಾಠವಾಗಿ ಇದನ್ನು ಹೇಳುತ್ತಾರೆ. ನಾಟಕದಲ್ಲಿ ಅದು ಸಾಧ್ಯವಾಗುವುದು ಹೇಗೆ? ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಗೆ ಸಿಕ್ಕುತ್ತದೆ. ರಾಕ್ಷಸನ ಗೆಳೆಯನಾದ ಶಕಟದಾಸನಿಂದಲೇ, ಅವನಿಗೆ ಮರ್ಮ ತಿಳಿಯದಂತೆ, ಒಂದು ಪತ್ರವನ್ನು ಬರೆಯಿಸಿ ಅದಕ್ಕೆ ಆ ಮುದ್ರೆಯನ್ನು ಒತ್ತುತ್ತಾರೆ. ಆ ಪತ್ರವನ್ನು ನಂಬಿ ಮಲಯಕೇತುವು ರಾಕ್ಷಸನನ್ನು ದೂರಮಾಡುತ್ತಾನೆ. ತನ್ನ ಪಕ್ಷದ ಐವರು ಅರಸರನ್ನು ಕೊಲ್ಲಿಸುತ್ತಾನೆ. ಕೊನೆಗೆ ರಾಕ್ಷಸನ ಸಂಸಾರಕ್ಕೆ ಆಶ್ರಯ ಕೊಟ್ಟ ಚಂದನದಾಸನೆಂಬ ಶೆಟ್ಟಿಯನ್ನು ಹೆಂಡತಿ ಮಗುವಿನ ಕಣ್ಣೆದುರಿಗೇ ವಧ್ಯಸ್ಥಾನಕ್ಕೆ ಒಯ್ಯಲಾಗುತ್ತದೆ. ಗೆಳೆಯನ ಪ್ರಾಣವನ್ನು ಉಳಿಸುವುದಕ್ಕಾಗಿ ರಾಕ್ಷಸನು ಮಂತ್ರಿಪದವಿಯನ್ನು ಒಪ್ಪುತ್ತಾನೆ. ಇದನ್ನು ಇಂದಿನ ಕಚೇರಿಯ ಭಾಷೆಗೆ ತಿರುಗಿಸಿದರೆ ಸುಳ್ಳು ದಾಖಲೆ, ಸುಳ್ಳು ಆರೋಪ, ನಿರಪರಾಧಿಯ ಕುಟುಂಬದ ಮೇಲೆ ಒತ್ತಾಯ ಎಂದಾಗುತ್ತದೆ. ಪಾಠದ ಪಟ್ಟಿಯಲ್ಲಿ ಈ ಮೂರೂ ಕಾಣುವುದಿಲ್ಲ. ಫಲವನ್ನು ಹೇಳಿ ಸಾಧನವನ್ನು ಮರೆಸುವ ಪಾಠ ವಿದ್ಯೆಯೆನಿಸಲಾರದು.

ವಿಶಾಖದತ್ತನು ಮಾತ್ರ ಇದನ್ನು ಮರೆಸಲಿಲ್ಲ ಎಂಬುದು ಗಮನಾರ್ಹ. ಆತನ ನಾಟಕದಲ್ಲಿ ಗೆಲುವು ಚಾಣಕ್ಯನದಾದರೂ ಪ್ರೇಕ್ಷಕನ ಹೃದಯ ಸೋಲುವುದು ರಾಕ್ಷಸನಿಗೆ ಮತ್ತು ಚಂದನದಾಸನಿಗೆ. ಸತ್ತ ಒಡೆಯನಿಗೆ ನಿಷ್ಠನಾಗಿ ಉಳಿದವನು ಒಬ್ಬ. ಗೆಳೆಯನ ಸಂಸಾರವನ್ನು ಒಪ್ಪಿಸುವುದಕ್ಕಿಂತ ಶೂಲವನ್ನೇ ಆರಿಸಿಕೊಂಡವನು ಇನ್ನೊಬ್ಬ. ನಾಯಕತ್ವದ ಪಾಠವನ್ನು ಈ ನಾಟಕದಿಂದಲೇ ಕಲಿಯಬೇಕಾದರೆ, ಚಂದನದಾಸನ ಹೆಸರಿನಲ್ಲಿ ಒಂದಾದರೂ ಪಾಠವಿರಬೇಕಾಗಿತ್ತು. ಆತನು ವ್ಯಾಪಾರಿ, ಉದ್ಯಮದವರಿಗೆ ಚಾಣಕ್ಯನಿಗಿಂತ ಹತ್ತಿರದ ಬಂಧು.

ಅರ್ಥಶಾಸ್ತ್ರದ ವಿಷಯಕ್ಕೆ ಬಂದರೆ, ಧಾರಾವಾಹಿಯ ನಾಯಕನಿಗೂ ಆ ಗ್ರಂಥಕ್ಕೂ ಇನ್ನೊಂದು ಬಗೆಯ ಅಂತರ ಕಾಣುತ್ತದೆ. ಧಾರಾವಾಹಿ ಒಬ್ಬ ಅಸಾಧಾರಣ ಪುರುಷನ ಕಥೆ. ಗ್ರಂಥವಾದರೋ ಸಾಧಾರಣ ಮನುಷ್ಯರಿಂದ ರಾಜ್ಯವನ್ನು ನಡೆಸುವುದು ಹೇಗೆಂಬ ವಿಚಾರ. ರಾಜ್ಯಭಾರ ಒಬ್ಬನಿಂದ ಸಾಗುವುದಿಲ್ಲ, ಸಹಾಯಕರು ಬೇಕು ಎಂಬುದು ಅದರ ಮೊದಲ ಅಧಿಕರಣದಲ್ಲಿಯೇ ಇದೆ. ಮಂತ್ರಿಗಳನ್ನು ಆರಿಸುವುದಕ್ಕಿಂತ ಮೊದಲು ಅರಸನು ಕಾಮಕ್ರೋಧಾದಿ ಅರಿಷಡ್ವರ್ಗವನ್ನು ಗೆಲ್ಲಬೇಕೆಂದು ವಿಧಿಸಿ, ಅದನ್ನು ಗೆಲ್ಲಲಾರದೆ ಕೆಟ್ಟ ಅರಸರ ಹೆಸರುಗಳನ್ನು ಅದು ಸಾಲಾಗಿ ಕೊಡುತ್ತದೆ. ಕಾರ್ಯಾರ್ಥಿಗಳಾಗಿ ಬಂದವರನ್ನು ಬಾಗಿಲಲ್ಲಿ ಕಾಯಿಸಬಾರದೆಂದು ಅರಸನ ದಿನಚರಿಯಲ್ಲಿ ಹೇಳುತ್ತದೆ. ಅಧಿಕಾರಿಗಳು ಬೊಕ್ಕಸದ ಹಣವನ್ನು ಅಪಹರಿಸುವ ಬಗೆಗಳನ್ನು ನಲವತ್ತೆಂದು ಎಣಿಸುತ್ತದೆ. ವೇತನದ ಪಟ್ಟಿಯಲ್ಲಿ ೪೮,೦೦೦ ಪಣದಿಂದ ೬೦ ಪಣದವರೆಗೆ ಮೆಟ್ಟಿಲುಗಳನ್ನು ಕಟ್ಟಿ, ಕೆಲಸದಲ್ಲಿದ್ದಾಗಲೇ ಸತ್ತವರ ಹೆಂಡಿರುಮಕ್ಕಳಿಗೆ ಅನ್ನವೇತನಗಳು ಸಲ್ಲಬೇಕೆಂದು ವಿಧಿಸುತ್ತದೆ. ಇವುಗಳಲ್ಲಿ ಯಾವುದೂ ರೋಮಾಂಚಕವಾಗಿಲ್ಲ. ದೃಶ್ಯವಾಗಿ ತೋರಿಸುವುದೂ ಕಷ್ಟ. ಉದ್ಯಮವೊಂದು ಮೂವತ್ತು ವರ್ಷ ಬಾಳುವುದು ಮಾತ್ರ ಇವುಗಳಿಂದಲೇ.

ಇದೇ ಗ್ರಂಥದಲ್ಲಿ ವಿಷಪ್ರಯೋಗ, ಕಪಟತಾಪಸರು, ಗೂಢವಧೆ ಇವೂ ಇವೆಯಲ್ಲವೇ ಎಂದು ಕೇಳಬಹುದು. ಇವೆ, ಅವನ್ನು ಬಚ್ಚಿಡುವ ಇಚ್ಛೆ ನಮಗಿಲ್ಲ. ಆದರೆ ಗ್ರಂಥದಲ್ಲಿ ಅವು ಅಂಕೆಗಳ ನಡುವೆ ಇವೆ. ಧಾರಾವಾಹಿಯಲ್ಲಿ ಅಂಕೆಗಳು ಮರೆಯಾಗಿ ಒಬ್ಬ ವ್ಯಕ್ತಿಯ ಬುದ್ಧಿಯೇ ಪ್ರಮಾಣವಾಗುತ್ತದೆ. ತನ್ನ ಬುದ್ಧಿಯೇ ಪ್ರಮಾಣವೆಂದು ನಂಬಿದ ಮೇಲಧಿಕಾರಿಯ ಕೈಕೆಳಗೆ ದುಡಿದವರಿಗೆ ಇದರ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ.

೪

ಕನ್ನಡದ ಚಾಣಕ್ಯನು ಬೇರೆ. ಹತ್ತನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲಾಗುವ, ಶಿವಕೋಟ್ಯಾಚಾರ್ಯನದೆಂದು ಪ್ರಸಿದ್ಧವಾದ ವಡ್ಡಾರಾಧನೆಯಲ್ಲಿ ಹತ್ತೊಂಬತ್ತು ಕಥೆಗಳಿವೆ. ಉಪಸರ್ಗಗಳನ್ನೂ ಪರೀಷಹಗಳನ್ನೂ ಸಹಿಸಿ ಸಮಾಧಿಮರಣವನ್ನು ಪಡೆದ ಮಹಾಪುರುಷರ ಕಥೆಗಳು ಇವು. ಆರನೆಯದು ಭದ್ರಬಾಹು ಭಟಾರರ ಕಥೆ. ಹದಿನೆಂಟನೆಯದು ಚಾಣಾಕ್ಯರಿಸಿಯ ಕಥೆ. ಚಾಣಕ್ಯನ ಹೆಸರಿನ ಮುಂದೆ ‘ರಿಸಿ’ ಎಂಬ ಪದವನ್ನು ಕಂಡಾಗ ಧಾರಾವಾಹಿಯನ್ನು ನೋಡಿ ಬಂದ ವಿದ್ಯಾರ್ಥಿ ಬೆರಗಾಗುವುದು ಸಹಜ. ಡಿ. ಎಲ್. ನರಸಿಂಹಾಚಾರ್ಯರು ಈ ಗ್ರಂಥವನ್ನು ಸಂಪಾದಿಸಿ ೧೯೪೯ರಲ್ಲಿ ಹೊರತಂದರು. ಸುಲಭವಾಗಿ ದೊರೆಯುತ್ತಿದ್ದರೂ ನಾಯಕತ್ವವನ್ನು ಬೋಧಿಸುವವರು ಇದರ ಕಡೆಗೆ ತಿರುಗಿ ನೋಡಿದಂತೆ ಕಾಣುವುದಿಲ್ಲ.

ಈ ಕಥೆಯಲ್ಲಿಯೂ ನಂದನಿಂದಾದ ಅವಮಾನವಿದೆ, ಪ್ರತಿಜ್ಞೆಯಿದೆ, ಚಂದ್ರಗುಪ್ತನ ಪಟ್ಟವಿದೆ. ನಾಟಕವೂ ಧಾರಾವಾಹಿಯೂ ಮಂಗಳವನ್ನು ಹಾಡುವ ಸ್ಥಳ ಇಲ್ಲಿ ಕಥೆಯ ನಡುಭಾಗ ಮಾತ್ರ. ಗೆದ್ದಮೇಲೆ ಚಾಣಕ್ಯನು ಅಧಿಕಾರವನ್ನು ತೊರೆದು ದೀಕ್ಷೆಯನ್ನು ಪಡೆಯುತ್ತಾನೆ. ಶಿಷ್ಯಸಮೂಹದೊಡನೆ ವಿಹರಿಸುತ್ತ ಬಂದು ದನಗಳ ಹಟ್ಟಿಯೊಂದರಲ್ಲಿ ಪ್ರತಿಮಾಯೋಗದಲ್ಲಿ ನಿಲ್ಲುತ್ತಾನೆ. ಹಳೆಯ ಹಗೆಯನ್ನು ಮರೆಯದ ಸುಬಂಧುವು ಸುತ್ತಲಿನ ಸಗಣಿಯ ರಾಶಿಗೆ ಬೆಂಕಿಯಿಡುತ್ತಾನೆ. ಒಂದು ಕಾಲದಲ್ಲಿ ಶತ್ರುವಿನ ಪ್ರತಿಯೊಂದು ಹೆಜ್ಜೆಯನ್ನೂ ಮುಂದಾಗಿ ತಿಳಿದು ತಡೆಯುತ್ತಿದ್ದವನು ಈಗ ತಂತ್ರವನ್ನು ಹೂಡುವುದಿಲ್ಲ, ಪ್ರತೀಕಾರವನ್ನು ನೆನೆಯುವುದಿಲ್ಲ. ಬೆಂಕಿಯನ್ನು ಸಹಿಸಿ ದೇಹವನ್ನು ಬಿಡುತ್ತಾನೆ. ಹರಿಷೇಣನು ೯೩೧ರಲ್ಲಿ ರಚಿಸಿದ ಸಂಸ್ಕೃತದ ಬೃಹತ್ಕಥಾಕೋಶವೂ ಇದೇ ಪರಂಪರೆಯ ಕಥೆಯನ್ನು ಹೇಳುತ್ತದೆ. ಶ್ವೇತಾಂಬರ ಪರಂಪರೆಯಲ್ಲಿ ಹೇಮಚಂದ್ರನು ಹೇಳುವ ಕಥೆಯಲ್ಲಿಯೂ ಚಾಣಕ್ಯನ ಅಂತ್ಯ ಉಪವಾಸದಿಂದ, ಸುಬಂಧುವಿನ ಬೆಂಕಿಯಿಂದ.

ಮುದ್ರಾರಾಕ್ಷಸದ ಒಂದು ವಿವರವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಆ ನಾಟಕದಲ್ಲಿ ಜೀವಸಿದ್ಧಿಯೆಂಬ ಕ್ಷಪಣಕನೊಬ್ಬನು ಬರುತ್ತಾನೆ. ಆತನು ನಿಜವಾದ ಜೈನಮುನಿಯಲ್ಲ. ಚಾಣಕ್ಯನೇ ಕಳುಹಿಸಿದ, ಮುನಿವೇಷದ ಗೂಢಚಾರ. ಅಲ್ಲಿ ವೈರಾಗ್ಯವು ಚಾಣಕ್ಯನು ಬಳಸುವ ಒಂದು ವೇಷ. ಕನ್ನಡದ ಕಥೆಗಾರನು ಆ ವೇಷವನ್ನು ಚಾಣಕ್ಯನಿಗೇ ತೊಡಿಸಿ ಅದನ್ನು ನಿಜಮಾಡುತ್ತಾನೆ. ಇದು ನಾಟಕಕ್ಕೆ ಕೊಟ್ಟ ಉದ್ದೇಶಪೂರ್ವಕವಾದ ಉತ್ತರವೆಂದು ನಾವು ಹೇಳುವುದಿಲ್ಲ. ಕಥೆಯ ಬೇರು ಭಗವತೀ ಆರಾಧನೆಯ ಗಾಹೆಗಳಷ್ಟು ಹಳೆಯದು. ಆದರೂ ಎರಡನ್ನೂ ಒಟ್ಟಿಗೆ ಓದುವ ಇಂದಿನ ಓದುಗನಿಗೆ ಇದು ಉತ್ತರವಾಗಿಯೇ ಕೇಳಿಸುತ್ತದೆ. ಕುಟಿಲನೀತಿಯಲ್ಲಿ ಕೊನೆಯ ಮಾತು ಯಾರದೂ ಆಗುವುದಿಲ್ಲ, ಪ್ರತಿಯೊಂದು ಗೆಲುವೂ ಒಬ್ಬ ಸುಬಂಧುವನ್ನು ಹಿಂದೆ ಬಿಟ್ಟಿರುತ್ತದೆ ಎಂಬ ಅರಿವು ಈ ಕಥೆಯ ಒಡಲಲ್ಲಿದೆ. ಕಾರ್ಯನಿರ್ವಾಹಕನಿಗೆ ಇದಕ್ಕಿಂತ ಪ್ರಯೋಜನಕರವಾದ ಎಚ್ಚರಿಕೆ ಬೇಕೆ?

೫

ಗುರುವಿನಿಂದ ಶಿಷ್ಯನ ಕಡೆಗೆ, ಕಥೆಯಿಂದ ಶಾಸನದ ಕಡೆಗೆ ಬರೋಣ. ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಚಂದ್ರಗಿರಿಯೆಂಬ ಹೆಸರು ಚಂದ್ರಗುಪ್ತನಿಂದಲೇ ಬಂದಿತೆಂದು ಜನರ ನಂಬಿಕೆ. ಪ್ರಾಚೀನ ಶಾಸನಗಳಲ್ಲಿ ಅದರ ಹೆಸರು ಕಟವಪ್ರ, ಕಳ್ಬಪ್ಪು. ಲೂಯಿ ರೈಸ್ ಅವರು ೧೮೮೯ರಲ್ಲಿ ಇಲ್ಲಿಯ ೧೪೪ ಶಾಸನಗಳನ್ನು ಪ್ರಕಟಿಸಿದರು; ಆರ್. ನರಸಿಂಹಾಚಾರ್ಯರ ೧೯೨೩ರ ಪರಿಷ್ಕೃತ ಆವೃತ್ತಿಯಲ್ಲಿ ಅವುಗಳ ಸಂಖ್ಯೆ ೫೦೦ಕ್ಕೆ ಏರಿತು.

ಇವುಗಳಲ್ಲಿ ಮೊದಲನೆಯದು, ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲಿರುವ ಸಂಸ್ಕೃತ ಶಾಸನ, ಸುಮಾರು ಕ್ರಿ.ಶ. ೬೦೦ರದು. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಯು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡನೆಂದೂ, ಸಂಘವೆಲ್ಲವೂ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದೂ, ಸಮೃದ್ಧವಾದ ಜನಪದವನ್ನು ಸೇರಿತೆಂದೂ ಅದು ಹೇಳುತ್ತದೆ. ಆಮೇಲೆ ಪ್ರಭಾಚಂದ್ರನೆಂಬ ಆಚಾರ್ಯನ ಮಾತು ಬರುತ್ತದೆ. ತನ್ನ ಆಯುಷ್ಯ ಇನ್ನು ಸ್ವಲ್ಪವೇ ಉಳಿದಿದೆಯೆಂದು ತಿಳಿದ ಆತನು ಸಂಘವನ್ನೆಲ್ಲ ಬೀಳ್ಕೊಟ್ಟು, ಒಬ್ಬ ಶಿಷ್ಯನನ್ನು ಮಾತ್ರ ಉಳಿಸಿಕೊಂಡು, ಕಟವಪ್ರದ ಬಂಡೆಗಳ ಮೇಲೆ ಸಮಾಧಿಯನ್ನು ಸಾಧಿಸಿದನು. ಈ ಶಾಸನದಲ್ಲಿ ಚಂದ್ರಗುಪ್ತನ ಹೆಸರಿಲ್ಲ. ಪ್ರಭಾಚಂದ್ರನೆಂಬುದು ಚಂದ್ರಗುಪ್ತನ ದೀಕ್ಷಾನಾಮವೇ ಎಂದು ಕೆಲವರು ಊಹಿಸಿದ್ದಾರೆ, ಅದು ಊಹೆ. ಭದ್ರಬಾಹು ಚಂದ್ರಗುಪ್ತ ಮುನಿಗಳನ್ನು ಜೋಡಿಯಾಗಿ ಹೆಸರಿಸುವುದು ಸುಮಾರು ಕ್ರಿ.ಶ. ೬೫೦ರ ಇನ್ನೊಂದು ಶಾಸನ. ಶ್ರೀರಂಗಪಟ್ಟಣದ ಸಮೀಪದ ಸುಮಾರು ೯೦೦ರ ಶಾಸನಗಳು ಕಳ್ಬಪ್ಪಿನ ಶಿಖರದಲ್ಲಿ ಆ ಇಬ್ಬರ ಪಾದಚಿಹ್ನೆಗಳಿವೆಯೆಂದು ಹೇಳುತ್ತವೆ. ೧೧೨೯ರ ಮಲ್ಲಿಷೇಣ ಪ್ರಶಸ್ತಿಯೂ ಚಂದ್ರಗುಪ್ತನನ್ನು ಭದ್ರಬಾಹುವಿನ ಶಿಷ್ಯನೆಂದು ಸ್ತುತಿಸುತ್ತದೆ.

ಈ ಚಂದ್ರಗುಪ್ತನು ಮೌರ್ಯನೇ ಎಂಬ ಪ್ರಶ್ನೆಯಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ರೈಸ್ ಮತ್ತು ನರಸಿಂಹಾಚಾರ್ಯರು ಹೌದೆಂದರು. ಫ್ಲೀಟ್ ಅವರು ಒಪ್ಪಲಿಲ್ಲ. ಮೊದಲು ಸಂಶಯಪಟ್ಟ ವಿನ್ಸೆಂಟ್ ಸ್ಮಿತ್ ಅವರು ಆಮೇಲೆ ಪರಂಪರೆಯ ಪಕ್ಷಕ್ಕೆ ಬಂದರು. ಮೌರ್ಯ ಚಂದ್ರಗುಪ್ತನ ಆಳ್ವಿಕೆ ಸುಮಾರು ಕ್ರಿ.ಪೂ. ೩೨೧ರಿಂದ ೨೯೭ರವರೆಗೆ, ಅಂದರೆ ಅವನಿಗೂ ಮೊದಲನೆಯ ಶಾಸನಕ್ಕೂ ಸುಮಾರು ಒಂಬೈನೂರು ವರ್ಷಗಳ ಅಂತರ. ಇಷ್ಟು ಅಂತರದ ಸಾಕ್ಷ್ಯದಿಂದ ಘಟನೆ ನಡೆಯಿತೆಂದು ಖಂಡಿತವಾಗಿ ಹೇಳುವುದು ಇತಿಹಾಸಕಾರನಿಗೆ ತಕ್ಕದ್ದಲ್ಲ. ಧಾರಾವಾಹಿಯ ಚಾಣಕ್ಯನನ್ನು ಕಲ್ಪನೆಯೆಂದು ಹೇಳುವ ನಾವು ಬೆಳಗೊಳದ ಚಂದ್ರಗುಪ್ತನನ್ನು ಅದೇ ಒರೆಗಲ್ಲಿಗೆ ಹಚ್ಚದಿದ್ದರೆ ಪಕ್ಷಪಾತವಾದೀತು.

ಹಾಗಾದರೆ ಖಚಿತವಾಗಿ ಹೇಳಬಹುದಾದದ್ದೇನು? ಏಳನೆಯ ಶತಮಾನದಿಂದ ಈಚೆಗೆ ಈ ನಾಡಿನ ಜನ ನಾಯಕನೊಬ್ಬನನ್ನು ಹೇಗೆ ನೆನೆಯಲು ಬಯಸಿದರು ಎಂಬುದು ಮಾತ್ರ ಕಲ್ಲಿನಷ್ಟು ಖಚಿತ. ಅವರು ಚಂದ್ರಗುಪ್ತನ ಯುದ್ಧಗಳನ್ನು ಕೆತ್ತಲಿಲ್ಲ. ಆತನ ಹೆಜ್ಜೆಗುರುತುಗಳನ್ನು ನೆನೆದರು. ಚಂದ್ರಗಿರಿಯ ಮೇಲಣ ಚಂದ್ರಗುಪ್ತ ಬಸದಿ ಅಲ್ಲಿಯ ಬಸದಿಗಳಲ್ಲಿ ಅತಿ ಚಿಕ್ಕದು; ಸಾಲಾಗಿ ಮೂರು ಗರ್ಭಗೃಹಗಳು, ಅಷ್ಟೆ. ಅದರ ಮುಂಭಾಗದ ಕಲ್ಲಿನ ಜಾಲಂಧ್ರದಲ್ಲಿ ಹನ್ನೆರಡನೆಯ ಶತಮಾನದ ಶಿಲ್ಪಿ ದಾಸೋಜನು ಭದ್ರಬಾಹು ಚಂದ್ರಗುಪ್ತರ ಜೀವನದ ತೊಂಬತ್ತು ದೃಶ್ಯಗಳನ್ನು ಚಿಕ್ಕ ಚಿಕ್ಕ ಚೌಕಗಳಲ್ಲಿ ಕೆತ್ತಿದ್ದಾನೆ. ಧಾರಾವಾಹಿಯಲ್ಲಿ ೪೭ ಕಂತುಗಳು, ಇಲ್ಲಿ ೯೦ ಚೌಕಗಳು. ಎರಡೂ ಚಿತ್ರಗಳ ಮೂಲಕ ಜನಸಾಮಾನ್ಯರಿಗೆ ನಾಯಕನ ಕಥೆಯನ್ನು ಹೇಳುವ ಪ್ರಯತ್ನಗಳೇ. ಮೊದಲನೆಯದು ಸಿಂಹಾಸನದ ಕಡೆಗೆ ನಡೆಯುತ್ತದೆ, ಎರಡನೆಯದು ಸಿಂಹಾಸನವನ್ನು ಬಿಟ್ಟು ನಡೆಯುತ್ತದೆ.

೬

ಇದಕ್ಕೆ ಎರಡು ಆಕ್ಷೇಪಣೆಗಳು ಏಳಬಹುದು. ಸಲ್ಲೇಖನವು ಮುನಿಧರ್ಮ, ಕಾರ್ಖಾನೆ ನಡೆಸುವವನಿಗೂ ಅದಕ್ಕೂ ಸಂಬಂಧವೇನು ಎಂಬುದು ಮೊದಲನೆಯದು. ಈ ಆಕ್ಷೇಪಣೆ ಸರಿಯಾದದ್ದೇ. ಒಂದು ಧರ್ಮದ ಪರಮವ್ರತವನ್ನು ಕಚೇರಿಯ ಸೂತ್ರವಾಗಿ ಇಳಿಸುವುದು ಅವಿವೇಕ; ಹಾಗೆ ಮಾಡಿದರೆ ‘ಕಾರ್ಪೊರೇಟ್ ಭದ್ರಬಾಹು’ ಎಂಬ ಇನ್ನೊಂದು ಪುಸ್ತಕ ಹುಟ್ಟೀತು, ಅಷ್ಟೆ. ನಾವು ತೆಗೆದುಕೊಳ್ಳಬೇಕೆನ್ನುವುದು ವ್ರತವನ್ನಲ್ಲ, ಅದಕ್ಕೆ ಮೊದಲಿನ ವ್ಯವಹಾರವನ್ನು. ಪ್ರಭಾಚಂದ್ರನು ಮಾಡಿದುದನ್ನು ಲೌಕಿಕದ ಭಾಷೆಯಲ್ಲಿ ಹೀಗೆ ಹೇಳಬಹುದು: ತನ್ನ ಶಕ್ತಿ ಮುಗಿಯುತ್ತ ಬಂದುದನ್ನು ತಾನೇ ಮೊದಲು ಕಂಡುಕೊಂಡನು, ಸಂಘವು ತನಗಾಗಿ ನಿಲ್ಲದಂತೆ ನೋಡಿಕೊಂಡನು, ಅದು ಮುಂದೆ ಸಾಗಲು ಅಪ್ಪಣೆಯಿತ್ತನು. ಸಂಸ್ಥೆಯ ಪ್ರಯಾಣ ತನ್ನ ಪ್ರಯಾಣಕ್ಕಿಂತ ಉದ್ದವೆಂದು ತಿಳಿದವನ ನಡೆ ಇದು. ಸ್ಥಾಪಕನು ಕುರ್ಚಿಯನ್ನು ಬಿಡದೆ, ಮಕ್ಕಳು ಮೊಮ್ಮಕ್ಕಳು ನ್ಯಾಯಾಲಯದ ಮೆಟ್ಟಿಲೇರಿ, ಒಂದು ತಲೆಮಾರಿನಲ್ಲಿ ಕಟ್ಟಿದ್ದು ಇನ್ನೊಂದರಲ್ಲಿ ಒಡೆದುಹೋಗುವ ವ್ಯಾಪಾರದ ಮನೆತನಗಳನ್ನು ನಾವೆಲ್ಲರೂ ಕಂಡಿದ್ದೇವೆ. ನಾಯಕತ್ವದ ಪಾಠಗಳಲ್ಲಿ ಬಿಡುವುದರ ಪಾಠ ಇಲ್ಲದಿರುವುದು ಸಣ್ಣ ಲೋಪವಲ್ಲ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಹನ್ನೆರಡು ವರ್ಷದ ಕ್ಷಾಮ ಬರುತ್ತದೆಂದು ತಿಳಿದ ಅರಸನು ಪ್ರಜೆಗಳನ್ನು ಬಿಟ್ಟು ದಕ್ಷಿಣಕ್ಕೆ ಹೊರಟುಹೋದನೆಂದರೆ ಅದು ತ್ಯಾಗವೋ ಪಲಾಯನವೋ? ಪರಂಪರೆಯನ್ನು ಗೌರವಿಸುವವರು ಈ ಪ್ರಶ್ನೆಯನ್ನು ಕೇಳಲು ಹಿಂಜರಿಯುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಇದು. ಇದಕ್ಕೆ ಅಳತೆಗೋಲನ್ನು ಅರ್ಥಶಾಸ್ತ್ರವೇ ಒದಗಿಸುತ್ತದೆಂಬುದು ಸ್ವಾರಸ್ಯಕರ. 

ಹೆಂಡತಿಮಕ್ಕಳ ಜೀವನಕ್ಕೆ ವ್ಯವಸ್ಥೆ ಮಾಡದೆ ಸಂನ್ಯಾಸವನ್ನು ತೆಗೆದುಕೊಂಡವನಿಗೆ ಆ ಗ್ರಂಥ ದಂಡವನ್ನು ವಿಧಿಸುತ್ತದೆ. ಸಂನ್ಯಾಸವನ್ನು ಅದು ನಿಷೇಧಿಸಲಿಲ್ಲ. ಹೊಣೆಯನ್ನು ತೀರಿಸದೆ ಹೊರಡುವುದನ್ನು ನಿಷೇಧಿಸಿತು. ಗೃಹಸ್ಥನಿಗೆ ಹೇಳಿದ ಈ ನಿಯಮವನ್ನು ನಾಯಕನಿಗೂ ವಿಸ್ತರಿಸಬಹುದು. ಮುಂದಿನವನನ್ನು ಸಿದ್ಧಪಡಿಸಿ, ಲೆಕ್ಕಗಳನ್ನು ಒಪ್ಪಿಸಿ, ತನ್ನನ್ನು ನಂಬಿದವರ ಅನ್ನಕ್ಕೆ ದಾರಿಮಾಡಿ ಹೊರಟವನದು ತ್ಯಾಗ. ಸಂಸ್ಥೆ ಮುಳುಗುವಾಗ ತನ್ನ ಪಾಲನ್ನು ಕಟ್ಟಿಕೊಂಡು ಹೊರಟವನದು ಪಲಾಯನ. ಜೈನ ಕಥೆಗಳು ಚಂದ್ರಗುಪ್ತನು ಮಗನಿಗೆ ರಾಜ್ಯವನ್ನು ಒಪ್ಪಿಸಿದನೆಂದು ಹೇಳುವುದಕ್ಕೆ ಮರೆಯುವುದಿಲ್ಲ. ಆ ಕಥೆಗಾರರಿಗೂ ಈ ಭೇದ ತಿಳಿದಿತ್ತೆಂದು ಇದರಿಂದ ಕಾಣುತ್ತದೆ. ಹೀಗೆ ಅರ್ಥಶಾಸ್ತ್ರವೂ ಬೆಳಗೊಳವೂ ಒಂದನ್ನೊಂದು ವಿರೋಧಿಸದೆ ಪರಸ್ಪರ ತಿದ್ದುತ್ತವೆ.

ಬೆಳಗೊಳದ ಎದುರುಬೆಟ್ಟದಲ್ಲಿ ಇದಕ್ಕೆ ಹೊಂದಿಕೊಂಡ ಇನ್ನೊಂದು ಕಥೆಯುಂಟು. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ, ೯೭೮ರಲ್ಲಿ ಚಾವುಂಡರಾಯಪುರಾಣವನ್ನು ಬರೆದ ಚಾವುಂಡರಾಯನು ಆಮೇಲೆ ಕೆಲವೇ ವರ್ಷಗಳಲ್ಲಿ ಗೊಮ್ಮಟೇಶ್ವರನ ವಿಗ್ರಹವನ್ನು ಮಾಡಿಸಿದನು. ಇಂಥ ವಿಗ್ರಹವನ್ನು ನಿಲ್ಲಿಸಿದೆನೆಂಬ ಗರ್ವದಿಂದ ಆತನು ಮಾಡಿಸಿದ ಹಾಲಿನ ಅಭಿಷೇಕ ವಿಗ್ರಹದ ಅಡಿಯವರೆಗೆ ಇಳಿಯಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಓಡಿನಲ್ಲಿ ತಂದ ತೊಟ್ಟು ಹಾಲು ಮೈಯೆಲ್ಲ ತೊಯ್ಯಿಸಿ ಬೆಟ್ಟದಿಂದ ಕೆಳಕ್ಕೆ ಹರಿಯಿತಂತೆ. ಇದು ಐತಿಹ್ಯ. ಆದರೆ ಆ ಗುಳ್ಳಕಾಯಜ್ಜಿಯ ವಿಗ್ರಹ ಗೊಮ್ಮಟನಿಗೆ ಎದುರಾಗಿ ನಿಂತಿರುವುದು ವಾಸ್ತವ. ದೊಡ್ಡ ಕಾರ್ಯವೊಂದರ ಕೀರ್ತಿಯೆಲ್ಲ ಅಧಿಕಾರಿಯೊಬ್ಬನಿಗೇ ಸಲ್ಲಬಾರದೆಂದು ತಿಳಿದ ಜನ, ಹೆಸರಿಲ್ಲದವರ ಪ್ರತಿನಿಧಿಯಾಗಿ ಆಕೆಯನ್ನು ಅಲ್ಲಿ ನಿಲ್ಲಿಸಿದ್ದಾರೆ. ಧಾರಾವಾಹಿಯ ಚಾಣಕ್ಯನ ಎದುರಿಗೆ ನಿಲ್ಲುವ ಇಂಥ ಅಜ್ಜಿಯೊಬ್ಬಳು ಬೇಕಾಗಿತ್ತು.

೭

ಮೇಲಣ ವಿಚಾರದಿಂದ ನಾವು ಮುಟ್ಟುವ ನಿರ್ಣಯವನ್ನು ಸಂಕ್ಷೇಪವಾಗಿ ಹೇಳಬಹುದು. ಕಾರ್ಯನಿರ್ವಾಹಕರು ಕಲ್ಪಿತ ಪಾತ್ರದಿಂದ ಕಲಿಯುವುದು ತಪ್ಪಲ್ಲ. ಆದರೆ ಪಾತ್ರವನ್ನು ಆರಿಸಿದಮೇಲೆ ಅದರ ಕಥೆಯನ್ನು ಕೊನೆಯವರೆಗೆ ಓದಬೇಕು. ಗೆಲುವಿನ ಸಾಧನಗಳನ್ನೂ ಅವುಗಳ ಬೆಲೆಯನ್ನು ತೆತ್ತವರನ್ನೂ ಲೆಕ್ಕಕ್ಕೆ ಸೇರಿಸಬೇಕು. ಅದೇ ಪಾತ್ರವನ್ನು ಬೇರೆ ಜನ ಬೇರೆ ಕಾಲದಲ್ಲಿ ಹೇಗೆ ಕಂಡರೆಂದು ಕೇಳಬೇಕು. ಈ ಮೂರು ಕೆಲಸಗಳನ್ನು ಮಾಡಿಸುವುದು ಇತಿಹಾಸದ ಅಧ್ಯಾಪಕರ ಹೊಣೆ. ನಿರ್ವಹಣಶಾಸ್ತ್ರವನ್ನು ಕಲಿಸುವ ತರಗತಿಗಳಿಗೆ ವಡ್ಡಾರಾಧನೆಯ ಹದಿನೆಂಟನೆಯ ಕಥೆಯನ್ನೂ ಅರ್ಥಶಾಸ್ತ್ರದ ಎರಡನೆಯ ಅಧಿಕರಣವನ್ನೂ ಜೊತೆಯಾಗಿ ಓದಿಸಿ, ಒಂದು ದಿನ ಚಂದ್ರಗಿರಿಯ ಜಾಲಂಧ್ರದ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸುವುದು ಕಷ್ಟದ ಕೆಲಸವೇನೂ ಅಲ್ಲ. ದಾಸೋಜನು ಕೆತ್ತಿದ ಚೌಕಗಳು ಅಂಗೈಯಗಲದವು. ಹತ್ತಿರ ಹೋಗಿ ಬಗ್ಗಿ ನೋಡಿದವರಿಗೆ ಮಾತ್ರ ಕಾಣುತ್ತವೆ.